ಅಲಗಿಗೆ ಹದ: ದಾವಣಗೆರೆ ಸೀಮೆಯ ಕುಲುಮೆಗಳು

1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಳ್ಳುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು; ನ್ಯಾಮತಿ ಪ್ರತ್ಯೇಕ ತಾಲ್ಲೂಕಾದದ್ದು ಅದಕ್ಕೂ ಈಚೆಗೆ. ಗಡಿಗಳು ಹೀಗೆ ಬದಲಾದರೂ ಈ ಸೀಮೆಯ ಬೇಸಾಯ ಕುಲುಮೆಯನ್ನೇ ನಂಬಿತ್ತು. ಊರಿನ ಆಯಗಾರರಲ್ಲಿ ಒಬ್ಬನಾದ, ಎಂದರೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಪಡೆದು ವರ್ಷವಿಡೀ ದುಡಿಯುತ್ತಿದ್ದ ಕಮ್ಮಾರನು, ಹೊಳೆಸಾಲಿನ ಭತ್ತದ ಕುಡುಗೋಲಿಗೂ ಜಗಳೂರಿನ ಬೆದ್ದಲು ಹೊಲದ ನೇಗಿಲ ಗುಳಕ್ಕೂ ಬೇರೆ ಬೇರೆ ಹದ ಕೊಡಬೇಕಾಗುತ್ತಿತ್ತು.

ಅಲಗಿನ ಬಾಳಿಕೆ ಮೊದಲು ನಿರ್ಧಾರವಾಗುತ್ತಿದ್ದುದು ಲೋಹದೊಳಗಿನ ಇಂಗಾಲದಿಂದ. ಇದ್ದಿಲಿನ ಒಲೆಯಲ್ಲಿ ಅದಿರಿನಿಂದ ತೆಗೆದ ನಾಡಕಬ್ಬಿಣದಲ್ಲಿ ಇಂಗಾಲ ಸಾಮಾನ್ಯವಾಗಿ ತೀರ ಕಡಿಮೆ ಇರುತ್ತಿದ್ದುದರಿಂದ, ಅದನ್ನು ಎಷ್ಟು ಕಾಯಿಸಿ ನೀರಿಗದ್ದಿದರೂ ಗಡಸಾಗುತ್ತಿರಲಿಲ್ಲ. ಈ ಕೊರತೆಯನ್ನು ತುಂಬುವ ಮೈಸೂರು ಸೀಮೆಯ ವಿಧಾನವನ್ನು 1800–01ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ವರ್ಣಿಸಿದ್ದಾನೆ: ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಹಾಗೂ ಹಸಿ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸಿದಾಗ ಸಸ್ಯದ ಇಂಗಾಲವು ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ರಸಾಯನಶಾಸ್ತ್ರದ ಪರಿಭಾಷೆಯಿಲ್ಲದೆ ಸಾಧಿಸಿದ ಈ ನಿಖರತೆ ನಮ್ಮ ತಾಂತ್ರಿಕ ಚರಿತ್ರೆಯಲ್ಲಿ ಇನ್ನೂ ತಕ್ಕ ಸ್ಥಾನ ಪಡೆದಿಲ್ಲ.

ಆಮದಾದ ಅಗ್ಗದ ಕಬ್ಬಿಣದ ಮುಂದೆ ನಾಡ ಒಲೆಗಳು ಆರಿದವು. ಚನ್ನಗಿರಿಯ ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಹಳ್ಳಿಯ ಕಮ್ಮಾರ ಅದಿರಿನ ಗೊಡವೆ ಬಿಟ್ಟರೂ ಹದದ ಹೊಣೆ ಅವನಲ್ಲೇ ಉಳಿಯಿತು. ಮುಂದೆ ಇಂಗಾಲ ಸಾಕಷ್ಟಿರುವ ಲಾರಿಯ ಸ್ಪ್ರಿಂಗ್ ಪಟ್ಟಿಗಳು ಮಚ್ಚು, ಕುಡುಗೋಲುಗಳಿಗೆ ಒದಗಿದವು.

ಉಕ್ಕನ್ನು ಅಯಸ್ಕಾಂತ ಹಿಡಿಯದಷ್ಟು, ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ, ಕೆಂಪಗೆ ಕಾಯಿಸಿ ತಟ್ಟನೆ ಎಣ್ಣೆಗೋ ನೀರಿಗೋ ಅದ್ದಿದರೆ ಅದು ಗಡಸಾಗುತ್ತದೆ, ಆದರೆ ಗಾಜಿನಂತೆ ಪೆಡಸೂ ಆಗುತ್ತದೆ. ಆದುದರಿಂದ ಮೈಯನ್ನು ಉಜ್ಜಿ ಬೆಳಗಿಸಿ ಮತ್ತೆ ಮೆಲ್ಲಗೆ ಬಿಸಿಮಾಡುತ್ತಾರೆ. ಸುಮಾರು 230 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, 300ರ ಆಸುಪಾಸಿನಲ್ಲಿ ನೀಲಿ ಬಣ್ಣ ಮೇಲೇಳುತ್ತದೆ. ಹಳದಿಯಲ್ಲಿ ನಿಲ್ಲಿಸಿದ ಬಾಯಿ ಹೆಚ್ಚು ಕಾಲ ಹರಿತವಾಗಿರುತ್ತದೆ, ನೀಲಿಗೆ ಬಿಟ್ಟದ್ದು ಪೆಟ್ಟು ತಾಳುತ್ತದೆ.

ಇಂದು ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಕಳೆ ಸವರುವ ಯಂತ್ರದ ಅಲಗಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಅಲಗನ್ನು ಬಾಳಿಕೆಯ ಆಸೆಗೆ ಅತಿ ಗಡಸಾಗಿಸಿದರೆ, ಕಲ್ಲಿಗೆ ತಾಗಿದೊಡನೆ ಅದು ಸವೆಯುವ ಬದಲು ಸಿಡಿದು ದುಡಿಯುವವನ ಕಾಲಿಗೇ ಎರಗಬಹುದು.