ಗಣಕದೊಳಗೊಂದು ಗಣಕ: ಹಳೆಯ ಕನ್ನಡ ಕಡತಗಳಿಗೆ ವರ್ಚುವಲ್ ಮಷಿನ್ ಮ್ಯಾನೇಜರ್

ನಾಗಪುರದ ಮಹಾಲ್ ಭಾಗದಲ್ಲಿ ಭೋಂಸಲೆ ಅರಸರ ಕಾಲದ ನೆನಪಿನ ವಾಡೆಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಹೆಬ್ಬಾಗಿಲು ಒಂದು, ಬಾವಿ ಒಂದು. ಒಳಗೆ ನಾಲ್ಕಾರು ಸಂಸಾರಗಳು, ಅವರವರ ಒಲೆ ಅವರವರಿಗೆ. ನಾವು ಕನ್ನಡಿಗರು ಇಂಥದ್ದನ್ನು ವಠಾರವೆನ್ನುತ್ತೇವೆ. ವರ್ಚುವಲ್ ಮಷಿನ್ ಎಂಬುದನ್ನು ವಿವರಿಸಲು ಇದಕ್ಕಿಂತ ಸುಲಭವಾದ ಹೋಲಿಕೆ ನಮಗೆ ತೋಚಿಲ್ಲ. ಒಂದೇ ಗಣಕದ ಪ್ರೊಸೆಸರ್, ಮೆಮೊರಿ, ಡಿಸ್ಕುಗಳಲ್ಲಿ ಪಾಲು ಪಡೆದು, ತನ್ನದೇ ಕಾರ್ಯಾಚರಣ ವ್ಯವಸ್ಥೆಯೊಂದಿಗೆ ಒಳಗೆ ಬಿಡಾರ ಹೂಡುವ ಮತ್ತೊಂದು ಗಣಕವೇ ಅದು. ಹೊರಗಿನದು ಆತಿಥೇಯ, ಒಳಗಿನದು ಅತಿಥಿ.

ಈ ವಿಚಾರ ಹೊಸದಲ್ಲ. ಐಬಿಎಂ ಸಂಸ್ಥೆಯು 1972ರಲ್ಲಿಯೇ ತನ್ನ ದೊಡ್ಡ ಗಣಕಗಳಿಗಾಗಿ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತ್ತು. ಮೇಜಿನ ಗಣಕಕ್ಕೆ ಅದು ಇಳಿದುಬಂದದ್ದು 1999ರ ವಿಎಂವೇರ್ ವರ್ಕ್‌ಸ್ಟೇಷನ್ನಿನಿಂದ. 2007ರಲ್ಲಿ ಕೆವಿಎಂ ಎಂಬ ಭಾಗವು ಲಿನಕ್ಸಿನ ತಿರುಳಿಗೇ ಸೇರಿಕೊಂಡಿತು. ಕೆವಿಎಂ ಅನ್ನು ಲಿಬ್‌ವರ್ಟ್ ಎಂಬ ತಂತ್ರಾಂಶ ನಿಯಂತ್ರಿಸುತ್ತದೆ. ಆ ಲಿಬ್‌ವರ್ಟಿಗೆ ಕಿಟಕಿ, ಗುಂಡಿಗಳ ಮುಖ ಕೊಟ್ಟ ಉಪಕರಣವೇ ವರ್ಚುವಲ್ ಮಷಿನ್ ಮ್ಯಾನೇಜರ್, ಚಿಕ್ಕದಾಗಿ ವರ್ಟ್-ಮ್ಯಾನೇಜರ್. ಇದು ರೆಡ್ ಹ್ಯಾಟ್ ಸಂಸ್ಥೆಯಲ್ಲಿ ರೂಪುಗೊಂಡ ಮುಕ್ತ ತಂತ್ರಾಂಶ. ಉಬುಂಟು, ಡೆಬಿಯನ್, ಫೆಡೋರಾಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಆಜ್ಞೆಗಳನ್ನು ಕಂಠಪಾಠ ಮಾಡಬೇಕಿಲ್ಲ. ನಮ್ಮಂಥ ಕಲಾ ಪದವೀಧರರಿಗೆ ಇದೇ ದೊಡ್ಡ ಸಮಾಧಾನ.

ಕನ್ನಡ ಸಂಘಗಳಿಗೆ ಇದರಿಂದೇನು ಪ್ರಯೋಜನವೆಂದು ಓದುಗರು ಕೇಳಬಹುದು. ನಮ್ಮ ಕಪಾಟಿನಲ್ಲಿ 2004ರ ಸ್ಮರಣ ಸಂಚಿಕೆಯೊಂದರ ಸಿ.ಡಿ. ಇತ್ತು. ಅದರಲ್ಲಿ ಬರೆದ ಹಿರಿಯರಲ್ಲಿ ಹಲವರು ಈಗಿಲ್ಲ. ಮುದ್ರಿತ ಪ್ರತಿ ಒಂದೇ ಉಳಿದು, ಅದಕ್ಕೂ ಗೆದ್ದಲು ಹಿಡಿದಿತ್ತು. ಹೊಸ ಗಣಕದಲ್ಲಿ ಸಿ.ಡಿ. ಹಾಕಿದರೆ ಪುಟದ ಕಡತಗಳು ತೆರೆಯಲೇ ಇಲ್ಲ. ತೆರೆದ ಒಂದೆರಡು ಬರಹಗಳಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಕಾರಣವಿಷ್ಟೇ: ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಅಕ್ಷರಶೈಲಿಯನ್ನು ಹುಡುಕಿ ಹಾಕಿದರೆ ಅಕ್ಷರವೇನೋ ಕಾಣುತ್ತದೆ, ಪುಟವಿನ್ಯಾಸ ಮಾತ್ರ ಸಿಗುವುದಿಲ್ಲ. ಅಂದಿನ ಸಂಚಿಕೆಗಳು ಬಹುಮಟ್ಟಿಗೆ ಅಡೋಬಿ ಪೇಜ್‌ಮೇಕರಿನಲ್ಲಿ ಸಿದ್ಧವಾದವು. ಪೇಜ್‌ಮೇಕರಿನ ಕೊನೆಯ ಪ್ರಮುಖ ಆವೃತ್ತಿ ಬಂದದ್ದು 2001ರಲ್ಲಿ. ಇಂಡಿಸೈನಿನ ಈಗಿನ ಆವೃತ್ತಿಗಳು ಆ ಕಡತಗಳನ್ನು ತೆರೆಯುವುದಿಲ್ಲ. ಆದ್ದರಿಂದ ವಿಂಡೋಸ್ ಎಕ್ಸ್‌ಪಿ, ನುಡಿ, ಪೇಜ್‌ಮೇಕರ್ ಮೂರನ್ನೂ ಒಟ್ಟಿಗೆ ಬದುಕಿಸಬೇಕಾಯಿತು.

ವಿಧಾನ ಹೀಗಿದೆ. ಮೊದಲು ಗಣಕದ ಬಯೋಸ್ ಪುಟದಲ್ಲಿ ವರ್ಚುವಲೈಸೇಷನ್ ಸೌಲಭ್ಯವು ಚಾಲನೆಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಅತಿಥಿಯ ನಡಿಗೆ ಬಹಳ ನಿಧಾನವಾಗುತ್ತದೆ. ವರ್ಟ್-ಮ್ಯಾನೇಜರ್ ತೆರೆದು ಹೊಸ ಯಂತ್ರದ ಗುಂಡಿಯನ್ನು ಒತ್ತಿದರೆ ಅದು ಕ್ರಮವಾಗಿ ಅನುಸ್ಥಾಪನಾ ಡಿಸ್ಕಿನ ಪ್ರತಿ, ಮೆಮೊರಿ, ಪ್ರೊಸೆಸರುಗಳ ಸಂಖ್ಯೆ, ಡಿಸ್ಕಿನ ಗಾತ್ರಗಳನ್ನು ಕೇಳುತ್ತದೆ. ಎಕ್ಸ್‌ಪಿಗೆ 1 ಜಿಬಿ ಮೆಮೊರಿ, 20 ಜಿಬಿ ಡಿಸ್ಕು ಧಾರಾಳವಾಯಿತು. ಕ್ಯೂಕೌ2 ಮಾದರಿಯ ಡಿಸ್ಕು ಕಡತವು ಬಳಸಿದಷ್ಟೇ ಬೆಳೆಯುವುದರಿಂದ ಆ 20 ಜಿಬಿ ಒಮ್ಮೆಗೇ ಖರ್ಚಾಗದು. ಡಿಸ್ಕಿನ ಬಗೆ ಐಡಿಇ ಆಗಿರಲಿ. ವರ್ಟ್‌ಐಓ ಎಂಬ ವೇಗದ ಬಗೆಯನ್ನು ಎಕ್ಸ್‌ಪಿ ತಾನಾಗಿ ಗುರುತಿಸದು. ಎಕ್ಸ್‌ಪಿ, ಪೇಜ್‌ಮೇಕರುಗಳ ಮೂಲ ಡಿಸ್ಕು ಮತ್ತು ಪರವಾನಗಿ ಸಂಖ್ಯೆ ತಮ್ಮಲ್ಲಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ರಕ್ಷಣೆ 2014ರ ಏಪ್ರಿಲ್ 8ರಂದು ಮುಗಿಯಿತು. ಆದಕಾರಣ ಅದನ್ನು ಅಂತರಜಾಲಕ್ಕೆ ಜೋಡಿಸಬಾರದು. ಯಂತ್ರದ ವಿವರಗಳ ಪುಟದಲ್ಲಿ ಜಾಲ ಸಂಪರ್ಕದ ಸಾಧನವನ್ನು ಆಯ್ದು ತೆಗೆದುಹಾಕಿದರೆ ಸಾಕು. ಕಡತಗಳನ್ನು ಒಳತರಲು ಯುಎಸ್‌ಬಿ ಕಡ್ಡಿಯನ್ನು ಅದೇ ಪುಟದಿಂದ ಅತಿಥಿಗೆ ಒಪ್ಪಿಸಬಹುದು.

ಮುಚ್ಚುವಾಗಲೂ ಎಚ್ಚರ ಬೇಕು. ಶಟ್ ಡೌನ್ ಎಂದರೆ ಅತಿಥಿಗೆ ಕ್ರಮವಾಗಿ ಮಲಗಲು ಹೇಳಿದಂತೆ. ಫೋರ್ಸ್ ಆಫ್ ಎಂದರೆ ತಂತಿ ಕಿತ್ತಂತೆ. ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯವು ಯಂತ್ರದ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುತ್ತದೆ. ಏನಾದರೂ ಕೆಟ್ಟರೆ ಆ ಸ್ಥಿತಿಗೆ ಮರಳಬಹುದು. ಆದರೆ ನಾವು ಎಡವಿದ್ದೂ ಇಲ್ಲಿಯೇ. ಸ್ನ್ಯಾಪ್‌ಶಾಟುಗಳಿವೆಯಲ್ಲ ಎಂಬ ಧೈರ್ಯದಲ್ಲಿ, ಬೇಡವಾದ ಇನ್ನೊಂದು ಯಂತ್ರವೆಂದು ಭ್ರಮಿಸಿ ಇದನ್ನೇ ಡಿಸ್ಕು ಕಡತದ ಸಮೇತ ಅಳಿಸಿಬಿಟ್ಟೆವು. ಸ್ನ್ಯಾಪ್‌ಶಾಟುಗಳು ಇದ್ದದ್ದು ಅದೇ ಕಡತದೊಳಗೆ! ಲೆಡ್ಜರಿನ ನಕಲನ್ನು ಲೆಡ್ಜರಿನ ಕಪಾಟಿನಲ್ಲೇ ಇಡಬಾರದೆಂದು ಮೂವತ್ತು ವರ್ಷ ಕಿರಿಯರಿಗೆ ಹೇಳಿಕೊಟ್ಟ ಬ್ಯಾಂಕ್ ನೌಕರರು ನಾವು. ಎರಡು ಭಾನುವಾರಗಳ ಕೆಲಸ ಮತ್ತೆ ಮೊದಲಿಂದ. ಈಗ ಯಂತ್ರವನ್ನು ನಿಲ್ಲಿಸಿ, ಆ ಡಿಸ್ಕು ಕಡತದ ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇರಿಸಿದ್ದೇವೆ.

ಸಂಚಿಕೆಯ ಪುಟಗಳನ್ನು ಅತಿಥಿಯೊಳಗೇ ಪಿಡಿಎಫ್ ಮಾಡಿ ಹೊರತಂದೆವು. ಬರಹಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಕೆಲವೆಡೆ ಸ್ಥಾನ ತಪ್ಪುತ್ತವೆ. ಅವನ್ನು ಪಿಡಿಎಫ್ ಪುಟಗಳೊಡನೆ ಹೋಲಿಸಿ ಕೈಯಿಂದಲೇ ತಿದ್ದಬೇಕು. ನಾವೀಗ 36ನೆಯ ಪುಟದಲ್ಲಿದ್ದೇವೆ.