ಬಿರ್ಲಾ ಭವನಕ್ಕೆ ಬಂದ ಪಿಸ್ತೂಲು

ಊರಿನಿಂದ ದೆಹಲಿಗೆ ಬರುವ ನೆಂಟರನ್ನು ನಾವೆಲ್ಲ ಗಾಂಧಿ ಸ್ಮೃತಿಗೆ ಕರೆದೊಯ್ದು, ಬಾಪೂ ಕೊನೆಯದಾಗಿ ನಡೆದ ಹೆಜ್ಜೆಗಳ ಗುರುತು ತೋರಿಸುತ್ತೇವೆ. ಆ ಹೆಜ್ಜೆಗಳನ್ನು ನಿಲ್ಲಿಸಿದ ಆಯುಧದ ಕಥೆ ಹೇಳುವವರು ಮಾತ್ರ ಕಡಿಮೆ.

1948ರ ಜನವರಿ 20ರಂದು ಅಲ್ಲಿ ನಡೆದ ಯತ್ನ ಒಂದು ಸ್ಫೋಟದೊಂದಿಗೇ ಮುಗಿದುಹೋಯಿತು. ಸಂಚುಗಾರರ ಎರಡು ರಿವಾಲ್ವರ್‌ಗಳೂ ಪರೀಕ್ಷೆಯಲ್ಲೇ ಕೈಕೊಟ್ಟಿದ್ದವೆಂದು ಮಾಫಿ ಸಾಕ್ಷಿ ಬಡ್ಗೆ ಕೆಂಪುಕೋಟೆಯ ನ್ಯಾಯಾಲಯದಲ್ಲಿ ನುಡಿದ. ನಂಬಬಹುದಾದ ಪಿಸ್ತೂಲನ್ನು ಹುಡುಕಿಕೊಂಡು ಗೋಡ್ಸೆ, ಆಪ್ಟೆ ಇಬ್ಬರೂ ಗ್ವಾಲಿಯರಿಗೆ ಹೋದರು. ಸಿಕ್ಕಿದ್ದು ಇಟಲಿಯ ಬೆರೆಟ್ಟಾ, 1934ರ ಮಾದರಿ.

ಉದ್ದ ಸುಮಾರು 15 ಸೆಂಟಿಮೀಟರು, ತೂಕ ಮುಕ್ಕಾಲು ಕಿಲೋಗೂ ಕಡಿಮೆ, ಮ್ಯಾಗಜೀನಿನಲ್ಲಿ 7 ಗುಂಡು. ರಿವಾಲ್ವರಿನಂತೆ ಹೊಟ್ಟೆ ಉಬ್ಬಿದ ಉರುಳೆಯಿಲ್ಲ, ಚಪ್ಪಟೆ. ಹಿಂಬದಿಯಲ್ಲೊಂದು ಪುಟ್ಟ ಸುತ್ತಿಗೆ. ಮೊದಲ ಗುಂಡಿಗೆ ಅದು ಹಿಂದಕ್ಕೆ ಎಳೆದು ನಿಂತಿರಬೇಕು. ಆಮೇಲೆ ಪ್ರತಿ ಸಲವೂ ಹಿಂದೆ ಜಿಗಿಯುವ ಸ್ಲೈಡೇ ಅದನ್ನು ಎತ್ತಿ ನಿಲ್ಲಿಸುತ್ತದೆ. ನಾವು ಬಿ.ಎಸ್‌ಸಿ.ಯಲ್ಲಿ ಓದಿದ ಸ್ಪ್ರಿಂಗಿನ ಲೆಕ್ಕವೇ, ಹೆಚ್ಚೇನಿಲ್ಲ. ಸೇಫ್ಟಿ ಕೀಲಿಯನ್ನು ಅರ್ಧ ಸುತ್ತು ತಿರುಗಿಸಬೇಕಿತ್ತು. ಅವಸರದ ಕೈಗೆ ಒಗ್ಗದ ಏರ್ಪಾಡು. ಆದರೂ ಸೈನ್ಯಾಧಿಕಾರಿಗಳ ಸೊಂಟಕ್ಕೆಂದು ಮಾಡಿದ್ದು ಕೊಲೆಗಾರನ ಜೇಬಿಗೂ ಹಿಡಿಸಿತು.

ಇಂಥದನ್ನು ಕಣ್ಣು ಹಿಡಿಯದು, ಕೈಯೇ ತಡವಿ ನೋಡಬೇಕು. ಸ್ಫೋಟದ ನಂತರ, ಪ್ರಾರ್ಥನೆಗೆ ಬರುವವರ ತಪಾಸಣೆಗೆ ಪೊಲೀಸರು ಅನುಮತಿ ಕೇಳಿದರು. ಗಾಂಧೀಜಿ ಒಪ್ಪಲಿಲ್ಲ. ಸರ್ದಾರ್ ಪಟೇಲರೇ ಮುಂದೆ ಸಭೆಯಲ್ಲಿ ಇದನ್ನು ತಿಳಿಸಿದರು. ಒಪ್ಪಿದ್ದರೆ? ಈ ಪ್ರಶ್ನೆ ಅಲ್ಲಿಗೆ ಹೋದಾಗಲೆಲ್ಲ ನನ್ನನ್ನು ಕಾಡುತ್ತದೆ. ಜೇಬು ತಡವಿಸಿಕೊಂಡು ಬರುವ ಪ್ರಾರ್ಥನೆ ಅವರಿಗೆ ಪ್ರಾರ್ಥನೆ ಎನಿಸುತ್ತಿತ್ತೇ ಎಂಬುದೂ ಪ್ರಶ್ನೆಯೇ.

30ರ ಸಂಜೆ 5 ಗಂಟೆ ದಾಟಿತ್ತು. ಗೋಡ್ಸೆ ಕೈಜೋಡಿಸಿ ಬಾಗಿದ. ಮೂರು ಗುಂಡು ಹಾರಿದವು. ಪಿಸ್ತೂಲನ್ನು ಕಿತ್ತುಕೊಂಡು ನೋಡಿದಾಗ ಒಳಗಿನ್ನೂ ನಾಲ್ಕು ಉಳಿದಿದ್ದವು.