ಹಳೆಯ ವೇಷದ ಹೊಸ ಸಂತೆ

ಅಮೆರಿಕದ ರೆನೆಸಾನ್ಸ್ ಮೇಳಕ್ಕೆ ಹೋದವರಿಗೆ ಹದಿನಾರನೇ ಶತಮಾನದ ಇಂಗ್ಲೆಂಡಿನ ಸಂತೆಯೂ ಹೀಗೇ ಇತ್ತೆಂದು ಅನ್ನಿಸುವುದು ಸಹಜ. ಕಮ್ಮಾರ, ಕುಂಬಾರ, ಗಾಜು ಊದುವವ, ಎಲ್ಲರೂ ಗಿರಾಕಿಯ ಕಣ್ಣೆದುರೇ ಕೆಲಸ ಮಾಡುತ್ತ ಮಾರುತ್ತಿರುತ್ತಾರೆ. ಆದರೆ ಆ ಕಾಲದ ದೊಡ್ಡ ಮೇಳಗಳಲ್ಲಿ ಯಜಮಾನಿಕೆ ವ್ಯಾಪಾರಿಯದು. ಲಂಡನ್ನಿನ ಬಾರ್ಥಲೋಮ್ಯೂ ಮೇಳವನ್ನೇ ನೋಡಿ: 1133ರಲ್ಲಿ ರಾಜನ ಸನ್ನದು ಪಡೆದು, ಶತಮಾನಗಳ ಕಾಲ ಬಟ್ಟೆ ವ್ಯಾಪಾರಕ್ಕೆ ಹೆಸರಾಗಿ, ಕಡೆಗೆ ಬರೀ ಮೋಜಿನ ಜಾತ್ರೆಯಾಗಿ 1855ರಲ್ಲಿ ನಿಂತುಹೋಯಿತು. ಅಲ್ಲಿ ಬಟ್ಟೆ ಅಳೆದು ಕೊಡುತ್ತಿದ್ದವನು ನೇಕಾರನೇ ಆಗಿರಬೇಕೆಂದಿರಲಿಲ್ಲ. ಹಳೆಯ ವೇಷ ತೊಟ್ಟು, ಮಾಡಿದವನೇ ಮಾರುವ ಈ ಬಗೆಯ ಮೇಳ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ, ಅದೂ ಮೊನ್ನೆ ಮೊನ್ನೆ.

1963ರ ಮೇ ತಿಂಗಳಲ್ಲಿ ಶಾಲಾ ಶಿಕ್ಷಕಿಯಾಗಿದ್ದ ಫಿಲಿಸ್ ಪ್ಯಾಟರ್ಸನ್ ಮತ್ತು ಅವರ ಪತಿ ರಾನ್, ಕೇಳುಗರ ವಂತಿಗೆಯಿಂದ ನಡೆಯುತ್ತಿದ್ದ ಕೆಪಿಎಫ್‌ಕೆ ಎಂಬ ರೇಡಿಯೊ ಕೇಂದ್ರಕ್ಕೆ ಹಣ ಕೂಡಿಸಲು ಲಾಸ್ ಏಂಜಲೀಸಿನಲ್ಲಿ ಮೊದಲ ಮೇಳ ನಡೆಸಿದರು. ವೇಷ ಎಲಿಜಬೆತ್ ರಾಣಿಯ ಕಾಲದ್ದು, ಕೈಕೆಲಸದ ಹಸಿವು ಪ್ಯಾಟರ್ಸನ್ ದಂಪತಿಯದೇ ಕಾಲದ್ದು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರು ಮಾಜಿ ಸೈನಿಕರ ಓದಿಗೆ ನೆರವಾದ 1944ರ ಕಾನೂನಿನಿಂದ ಕಾಲೇಜು ಸೇರಿದ್ದರು. ಅವರಲ್ಲಿ ಕಲೆ, ಕುಂಬಾರಿಕೆ ಕಲಿತವರೂ ಇದ್ದರು. 1956ರಲ್ಲಿ ನ್ಯೂಯಾರ್ಕಿನಲ್ಲಿ ಸಮಕಾಲೀನ ಕರಕುಶಲ ಕಲೆಗೆಂದೇ ಒಂದು ಮ್ಯೂಸಿಯಂ ತೆರೆಯಿತು. ಕಲಿತವರಿದ್ದರು, ಮೆಚ್ಚುವವರಿದ್ದರು, ಕೊಳ್ಳುವವರನ್ನು ನೇರವಾಗಿ ಕಾಣುವ ಜಾಗ ಮಾತ್ರ ಕಡಿಮೆಯಿತ್ತು. ಆ ಕೊರತೆ ತುಂಬಿದ್ದರಿಂದಲೇ ಮೇಳ ರೇಡಿಯೊ ಕೇಂದ್ರದ ವಂತಿಗೆಯನ್ನು ಮೀರಿ ಬೆಳೆಯಿತು ಎಂದು ನನ್ನ ಎಣಿಕೆ. 1974ರಲ್ಲಿ ಟೆಕ್ಸಾಸಿನಲ್ಲಿ ಮೇಳ ಶುರುವಾಗುವ ಹೊತ್ತಿಗೆ ಊರಿಂದೂರಿಗೆ ಮೇಳ ಹಿಡಿದು ಬದುಕುವುದೇ ಒಂದು ಕಸುಬಾಗುತ್ತಿತ್ತು.

ಇದೆಲ್ಲ ನಾಟಕ, ನಾಟಕಕ್ಕೆ ದುಬಾರಿ ಬೆಲೆ ಬೇರೆ ಎನ್ನುವವರಿದ್ದಾರೆ. ನಾಟಕವೆಂಬುದು ನಿಜವೇ. ಡ್ರ್ಯಾಗನ್ನಿನ ರೆಕ್ಕೆ, ಯಕ್ಷಿಣಿಯ ಚೂಪು ಕಿವಿ ಯಾವ ರಾಣಿಯ ಕಾಲದಲ್ಲೂ ಮಾರಾಟವಾಗಿರಲಾರವು. ಬೆಲೆಯ ಮಾತಿಗೆ ಅಲ್ಲಿನ ಚರ್ಮದ ಲೋಟವನ್ನು ಕೈಗೆತ್ತಿಕೊಳ್ಳಬೇಕು. ಹದ ಮಾಡಿದ ದಪ್ಪ ಚರ್ಮವನ್ನು ನೆನೆಸಿ, ಅಚ್ಚಿಗೆ ಬಿಗಿದು, ಒಣಗಿಸಿ, ಒಳಗೆ ಜೇನುಮೇಣ ಕುಡಿಸುತ್ತಾರೆ. ಹೊಲಿಗೆಗೆ ಒಂದೇ ದಾರದ ಎರಡು ತುದಿಗೂ ಸೂಜಿ; ಪ್ರತಿ ತೂತಿನಲ್ಲೂ ಎರಡೂ ಎದುರುಬದುರಾಗಿ ಹಾಯುತ್ತವೆ. ಒಂದು ಕಡೆ ದಾರ ಸವೆದು ಹರಿದರೂ ಇನ್ನೊಂದು ಎಳೆ ಹಿಡಿದಿರುತ್ತದೆ. ಹೊಲಿಗೆ ಯಂತ್ರ ಹೀಗೆ ಹೊಲಿಯುವುದಿಲ್ಲ. ಬೆಲೆ ಕೊಡುವುದು ಈ ದುಡಿಮೆಗೆ, ವೇಷಕ್ಕಲ್ಲ. ಇಷ್ಟಾದರೂ ಒಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ: ಕಾರ್ಖಾನೆಯ ಮಾಲು ಇಂಥ ಮೇಳಗಳಿಗೂ ನುಸುಳಿದೆ, ಮತ್ತು ವೇಷ ಅದನ್ನು ಚೆನ್ನಾಗಿ ಮುಚ್ಚುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಇದನ್ನು ಹೊಲಿದವರು ಯಾರು ಎಂದು ಕೇಳಿ. ಉತ್ತರ ಸಿಗದ ಮಳಿಗೆಯಲ್ಲಿ ದುಡ್ಡು ಬಿಚ್ಚಬೇಡಿ.